ಲಂಡನ್ನಿನಲ್ಲಿ ಒಂದು ಕೋಣೆ, ಒಂದು ಹೊತ್ತಿನ ಊಟ

ಪರಸ್ಥಳಕ್ಕೆ ಓದಲು ಹೋದವನಿಗೆ ತಲೆಯ ಮೇಲೊಂದು ಸೂರು, ಹೊಟ್ಟೆಗೆ ಒಗ್ಗುವ ಊಟ, ತಪ್ಪಿದಾಗ ತಿದ್ದಿ ಹೇಳುವ ಒಬ್ಬ ಪರಿಚಿತ ದೊರೆತ ಮೇಲಷ್ಟೇ ವಿದ್ಯೆಯ ಮಾತು. ಇಂದು ವಿದೇಶದ ಅನೇಕ ವಿಶ್ವವಿದ್ಯಾಲಯಗಳು ಹೊಸ ವಿದ್ಯಾರ್ಥಿಗಳನ್ನು ಎದುರುಗೊಳ್ಳಲು ಪ್ರತ್ಯೇಕ ಕಚೇರಿಗಳನ್ನೇ ತೆರೆದಿವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಂಡನ್ನಿಗೆ ಹೋದ ಭಾರತೀಯ ವಿದ್ಯಾರ್ಥಿಗೆ ಅಂಥ ಅನುಕೂಲ ಇರಲಿಲ್ಲ. ಅವನಿಗೆ ಸೂರು ಕೊಡುವವರು ಯಾರು ಎಂಬುದು ಮೊದಲು ಬಾಡಿಗೆ ಮನೆಯೊಡತಿಯರಿಗೆ ಬಿಟ್ಟ ವಿಷಯವಾಗಿತ್ತು. ಮುಂದೆ ಇಪ್ಪತ್ತೇ ವರ್ಷಗಳಲ್ಲಿ ಅದು ಸಾಮ್ರಾಜ್ಯದ ರಾಜಕೀಯಕ್ಕೆ ಸೇರಿದ ವಿಷಯವಾಯಿತು.

ಆಗ ಪಾಸ್‌ಪೋರ್ಟ್, ವೀಸಾಗಳ ತೊಡಕು ಇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಭಾರತೀಯನೂ ಬ್ರಿಟಿಷ್ ಪ್ರಜೆಯೇ. ಐ.ಸಿ.ಎಸ್. ಪರೀಕ್ಷೆ 1922ರವರೆಗೆ ಇಂಗ್ಲೆಂಡಿನಲ್ಲಿ ಮಾತ್ರ ನಡೆಯುತ್ತಿತ್ತು. ಬ್ಯಾರಿಸ್ಟರ್ ಪದವಿಗೂ ಅಲ್ಲಿಗೇ ಹೋಗಬೇಕಿತ್ತು. ಊರಿಗೆ ಮರಳಿದ ಬ್ಯಾರಿಸ್ಟರಿಗೆ ಇದ್ದ ಮಾನ ಮರ್ಯಾದೆಯನ್ನು ಕಂಡವರು ಸಾಲ ಮಾಡಿಯಾದರೂ ಮಕ್ಕಳನ್ನು ಹಡಗು ಹತ್ತಿಸುತ್ತಿದ್ದರು.

ಹತ್ತೊಂಬತ್ತರ ಹೊಸ್ತಿಲಿನ ಯುವಕ

1888ರ ಸೆಪ್ಟೆಂಬರ್ 4ರಂದು ಮುಂಬಯಿ ಬಿಟ್ಟ ಮೋಹನದಾಸ ಗಾಂಧಿಗೆ ಹತ್ತೊಂಬತ್ತು ತುಂಬಲು ಒಂದು ತಿಂಗಳು ಬಾಕಿ ಇತ್ತು. ಸಮುದ್ರ ದಾಟಿದ್ದಕ್ಕೆ ಜಾತಿಯವರು ಬಹಿಷ್ಕಾರ ಹಾಕಿದ್ದರು. ಮದ್ಯ, ಮಾಂಸ, ಪರಸ್ತ್ರೀಯರಿಂದ ದೂರವಿರುವುದಾಗಿ ತಾಯಿಯ ಮುಂದೆ ಆಣೆ ಮಾಡಿಯಾಗಿತ್ತು. ಅವರ ಬಳಿ ನಾಲ್ಕು ಪರಿಚಯ ಪತ್ರಗಳಿದ್ದವು. ಅವುಗಳಲ್ಲಿ ಒಂದು ದಾದಾಭಾಯಿ ನವರೋಜಿಯವರಿಗೆ, ಇನ್ನೊಂದು ಡಾ. ಪ್ರಾಣಜೀವನ ಮೆಹತಾ ಅವರಿಗೆ.

ಹಡಗಿನಿಂದ ಇಳಿಯುವಾಗ ಗಾಂಧಿ ಬಿಳಿಯ ಫ್ಲಾನೆಲ್ ಉಡುಪು ತೊಟ್ಟಿದ್ದರು. ಸೆಪ್ಟೆಂಬರ್ ಕೊನೆಯ ಆ ಚಳಿಯಲ್ಲಿ ಬಿಳಿ ಬಟ್ಟೆ ತೊಟ್ಟವರು ಸುತ್ತ ಬೇರೊಬ್ಬರಿಲ್ಲ. ಪೆಟ್ಟಿಗೆಗಳು ಏಜೆಂಟರ ವಶದಲ್ಲಿದ್ದವು, ಮರುದಿನ ಭಾನುವಾರ. ಸೋಮವಾರದವರೆಗೆ ಅದೇ ಬಟ್ಟೆಯೇ ಗತಿಯಾಯಿತು. ಹೋಟೆಲಿಗೆ ಭೇಟಿಗೆ ಬಂದ ಡಾ. ಮೆಹತಾ ಮೊದಲ ಪಾಠ ಹೇಳಿದರು: ಇನ್ನೊಬ್ಬರ ವಸ್ತುವನ್ನು ಮುಟ್ಟಬಾರದು, ಮೊದಲ ಭೇಟಿಯಲ್ಲೇ ಪ್ರಶ್ನೆಗಳನ್ನು ಕೇಳಬಾರದು, ಗಟ್ಟಿಯಾಗಿ ಮಾತನಾಡಬಾರದು. ಹೋಟೆಲು ದುಬಾರಿ, ಯಾವುದಾದರೂ ಕುಟುಂಬದ ಜೊತೆ ಇರುವುದೇ ಮೇಲು ಎಂದೂ ಸೂಚಿಸಿದರು. ಹೋಟೆಲಿನ ಬಿಲ್ಲು ಮೂರು ಪೌಂಡು. ಅಷ್ಟು ತೆತ್ತರೂ ಅಲ್ಲಿ ಹೊಟ್ಟೆಗೆ ಬಿದ್ದದ್ದು ಅಷ್ಟಕ್ಕಷ್ಟೆ.

ಬಾಡಿಗೆ ಮನೆಗಳಲ್ಲಿಯೂ ಊಟದ್ದೇ ಸಮಸ್ಯೆ. ಉಪ್ಪು, ಖಾರ, ಮಸಾಲೆ ಇಲ್ಲದೆ ಬೇಯಿಸಿದ ತರಕಾರಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇನ್ನೊಂದು ತುಂಡು ಬ್ರೆಡ್ ಕೇಳಲು ಸಂಕೋಚ. ದಿನಕ್ಕೆ ಹತ್ತು ಹನ್ನೆರಡು ಮೈಲಿ ಸುತ್ತಿ ಸುತ್ತಿ ಕೊನೆಗೆ ಫ್ಯಾರಿಂಗ್‌ಡನ್ ರಸ್ತೆಯಲ್ಲಿ ಒಂದು ಸಸ್ಯಾಹಾರಿ ಹೋಟೆಲು ಕಣ್ಣಿಗೆ ಬಿತ್ತು. ಇಂಗ್ಲೆಂಡಿಗೆ ಬಂದ ಮೇಲೆ ಹೊಟ್ಟೆತುಂಬ ಉಂಡದ್ದು ಅಂದೇ ಮೊದಲು ಎಂದು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಆ ಹೋಟೆಲಿನಲ್ಲಿ ಒಂದು ಶಿಲಿಂಗಿಗೆ ಕೊಂಡ ಹೆನ್ರಿ ಸಾಲ್ಟನ ಪುಸ್ತಕ ಅವರನ್ನು ಲಂಡನ್ನಿನ ಸಸ್ಯಾಹಾರಿಗಳ ಬಳಗಕ್ಕೆ ಸೇರಿಸಿತು. ಆ ಬಳಗದಿಂದಲೇ ಅವರಿಗೆ ಗೆಳೆಯರು ದೊರೆತರು, ಸಭೆಗಳಲ್ಲಿ ಮಾತನಾಡುವ ಮೊದಲ ಅವಕಾಶಗಳೂ ದೊರೆತವು.

ನಡುವೆ ಸಭ್ಯ ಇಂಗ್ಲಿಷರಂತೆ ಕಾಣಬೇಕೆಂಬ ಹಂಬಲ ಹುಟ್ಟಿ ಹತ್ತು ಪೌಂಡಿನ ಸೂಟು, ಹತ್ತೊಂಬತ್ತು ಶಿಲಿಂಗಿನ ಟೋಪಿ, ನೃತ್ಯ ಮತ್ತು ಪಿಟೀಲಿನ ಪಾಠಗಳಿಗೂ ಹಣ ಹೋಯಿತು. ಸುಮಾರು ಮೂರು ತಿಂಗಳಲ್ಲಿ ಆ ಮೋಹ ಇಳಿಯಿತು. ಮುಂದೆ ಅವರು ಒಂದೇ ಕೋಣೆಗೆ ಬಂದರು, ಸ್ಟೌವ್ ಕೊಂಡು ಬೆಳಿಗ್ಗೆ ಓಟ್ಸ್ ಗಂಜಿ, ಕೋಕೋ ತಾವೇ ಮಾಡಿಕೊಂಡರು. ಬಸ್ಸಿನ ಖರ್ಚು ಉಳಿಸಲು ನಡೆದೇ ಓಡಾಡಿದರು. ಊಟದ ಖರ್ಚು ದಿನಕ್ಕೆ ಒಂದು ಶಿಲಿಂಗು ಮೂರು ಪೆನ್ಸಿಗೆ ಇಳಿಯಿತು. ಕಾಸು ಕಾಸಿಗೂ ಲೆಕ್ಕ ಬರೆಯುವ ಅಭ್ಯಾಸ ಬೆಳೆದದ್ದೂ ಅಲ್ಲಿಯೇ.

ಅಚ್ಚಾಗದ ಕೈಪಿಡಿ

1891ರಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಗಾಂಧಿ ಈ ಅನುಭವವನ್ನು ವ್ಯರ್ಥವಾಗಲು ಬಿಡಲಿಲ್ಲ. 1893-94ರ ಸುಮಾರಿಗೆ, ದಕ್ಷಿಣ ಆಫ್ರಿಕದಲ್ಲಿದ್ದಾಗ, ಲಂಡನ್ನಿಗೆ ಹೋಗುವ ಭಾರತೀಯ ವಿದ್ಯಾರ್ಥಿಗಳಿಗಾಗಿ ‘ಗೈಡ್ ಟು ಲಂಡನ್’ ಎಂಬ ಕೈಪಿಡಿಯನ್ನು ಬರೆದರು. ಇಂಗ್ಲೆಂಡಿಗೆ ಯಾರು ಹೋಗಬೇಕು, ಯಾವ ಬಟ್ಟೆಗಳನ್ನು ಒಯ್ಯಬೇಕು, ಬದುಕಲು ಎಷ್ಟು ಹಣ ಬೇಕು, ಬ್ಯಾರಿಸ್ಟರ್ ಆಗುವ ಕ್ರಮವೇನು ಎಂಬುದೆಲ್ಲ ಅದರಲ್ಲಿದೆ. ವಾರಕ್ಕೆ ಒಂದು ಪೌಂಡಿನಲ್ಲಿ ಲಂಡನ್ನಿನಲ್ಲಿ ಮರ್ಯಾದೆಯಿಂದ ಬದುಕಬಹುದು ಎಂಬುದು ಅದರ ಮುಖ್ಯ ವಾದ. ಲಂಡನ್ ಎಂದರೆ ಶ್ರೀಮಂತರ ಮಕ್ಕಳಿಗೆ ಮಾತ್ರ ಎಂಬ ಆಗಿನ ನಂಬಿಕೆಗೆ ಅದು ಲೆಕ್ಕದ ಮೂಲಕ ಕೊಟ್ಟ ಉತ್ತರ.

ಆದರೆ ಆ ಕೈಪಿಡಿ ಅವರ ಜೀವಿತಕಾಲದಲ್ಲಿ ಅಚ್ಚಾಗಲೇ ಇಲ್ಲ. ಅನುಭವಸ್ಥ ಹಿರಿಯನೊಬ್ಬ ಕಿರಿಯರಿಗೆ ಹೇಳಬೇಕೆಂದಿದ್ದ ಮಾತು ಹಸ್ತಪ್ರತಿಯಲ್ಲೇ ಉಳಿಯಿತು. ಹೊಸಬರ ಕೈಹಿಡಿಯುವ ಕೆಲಸಕ್ಕೆ ಬೇರೆಯವರು ಮುಂದಾದರು.

ಎರಡು ಕ್ರಾಮ್‌ವೆಲ್‌ಗಳು

1905ರ ಜುಲೈ 1ರಂದು ಲಂಡನ್ನಿನ ಹೈಗೇಟ್ ಬಡಾವಣೆಯ 65, ಕ್ರಾಮ್‌ವೆಲ್ ಅವೆನ್ಯೂದಲ್ಲಿ ಶ್ಯಾಮಜಿ ಕೃಷ್ಣವರ್ಮ ‘ಇಂಡಿಯಾ ಹೌಸ್’ ತೆರೆದರು. ಸುಮಾರು ಇಪ್ಪತ್ತೈದು ವಿದ್ಯಾರ್ಥಿಗಳಿಗೆ ಅಲ್ಲಿ ಜಾಗವಿತ್ತು. ಬಣ್ಣ ನೋಡಿ ಬಾಗಿಲು ಮುಚ್ಚುವ ಮನೆಯೊಡತಿಯರಿಂದ ಬೇಸತ್ತ ಹುಡುಗರಿಗೆ ಅದು ತವರಿನಂತಾಯಿತು. ಕೃಷ್ಣವರ್ಮರು ವಿದ್ಯಾರ್ಥಿವೇತನವನ್ನೂ ಕೊಟ್ಟರು. ಅದನ್ನು ಪಡೆದವರು ಮುಂದೆ ಬ್ರಿಟಿಷ್ ಸರ್ಕಾರದ ನೌಕರಿ ಸೇರಬಾರದು ಎಂಬುದು ಷರತ್ತು. 1906ರಲ್ಲಿ ಬಂದ ವಿನಾಯಕ ದಾಮೋದರ ಸಾವರ್ಕರ್ ಅಲ್ಲಿಯೇ ಉಳಿದರು. ಊಟದ ಮನೆ ಕ್ರಾಂತಿಕಾರಿಗಳ ಚರ್ಚೆಯ ಮನೆಯೂ ಆಯಿತು.

ಆಗ ಬ್ರಿಟನ್ನಿನಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು ಸುಮಾರು 700. ಸರ್ಕಾರಕ್ಕೆ ಚಿಂತೆ ಹತ್ತಿತು. 1907ರಲ್ಲಿ ಸರ್ ವಿಲಿಯಂ ಲೀ-ವಾರ್ನರ್ ನೇತೃತ್ವದ ಸಮಿತಿ ವಿದ್ಯಾರ್ಥಿಗಳ ಸ್ಥಿತಿಗತಿಯನ್ನು ವಿಚಾರಿಸಿತು. ಅದರ ವರದಿಯನ್ನು ಮಾತ್ರ ಸರ್ಕಾರ ಬಹಿರಂಗಪಡಿಸಲಿಲ್ಲ. 1909ರಲ್ಲಿ ವಿದ್ಯಾರ್ಥಿಗಳಿಗಾಗಿ ಮಾಹಿತಿ ಕಚೇರಿಯೊಂದು ಸ್ಥಾಪನೆಯಾಯಿತು. ಇತಿಹಾಸಜ್ಞ ಟಿ. ಡಬ್ಲ್ಯು. ಆರ್ನಲ್ಡ್ ಅದರ ಸಲಹೆಗಾರರಾದರು. ಅದೇ ವರ್ಷ ಜುಲೈ 1ರಂದು ಯೂನಿವರ್ಸಿಟಿ ಕಾಲೇಜಿನ ಎಂಜಿನಿಯರಿಂಗ್ ವಿದ್ಯಾರ್ಥಿ ಮದನಲಾಲ್ ಧಿಂಗ್ರಾ, ಸರ್ ಕರ್ಜನ್ ವಾಯ್ಲಿಯನ್ನು ಗುಂಡಿಟ್ಟು ಕೊಂದ. ವಾಯ್ಲಿ ಲೀ-ವಾರ್ನರ್ ಸಮಿತಿಯ ಸದಸ್ಯನಾಗಿದ್ದವನು. ತಡೆಯಲು ಹೋದ ಡಾ. ಲಾಲ್ಕಾಕಾ ಎಂಬ ಪಾರ್ಸಿ ವೈದ್ಯರೂ ಬಲಿಯಾದರು. ಆಗಸ್ಟ್ 17ರಂದು ಧಿಂಗ್ರಾನನ್ನು ಗಲ್ಲಿಗೇರಿಸಲಾಯಿತು. ಇಂಡಿಯಾ ಹೌಸ್ ಮುಚ್ಚಿತು.

ಹತ್ಯೆಯ ಕೆಲವೇ ದಿನಗಳ ನಂತರ ಗಾಂಧಿ ದಕ್ಷಿಣ ಆಫ್ರಿಕದ ಭಾರತೀಯರ ಪರವಾಗಿ ಲಂಡನ್ನಿಗೆ ಬಂದಿಳಿದರು. ಅಲ್ಲಿನ ಯುವಕರೊಡನೆ ವಾದಿಸಿದರು. ಮರಳುವ ಹಡಗಿನಲ್ಲಿ ಅವರು ಬರೆದ ‘ಹಿಂದ್ ಸ್ವರಾಜ್’ ಆ ಯುವಕರ ಮಾರ್ಗಕ್ಕೆ ಕೊಟ್ಟ ಉತ್ತರವೂ ಹೌದು.

1910ರಲ್ಲಿ ಸರ್ಕಾರದ ಆಶ್ರಯದಲ್ಲಿ 21, ಕ್ರಾಮ್‌ವೆಲ್ ರೋಡ್ ತೆರೆಯಿತು. ಹೊಸದಾಗಿ ಬಂದವರಿಗೆ ತಾತ್ಕಾಲಿಕ ಕೋಣೆ, ಮಾಹಿತಿ, ಕಾಲೇಜು ಪ್ರವೇಶಕ್ಕೆ ನೆರವು ಎಲ್ಲವೂ ಒಂದೇ ಸೂರಿನಡಿ. ಅನುಕೂಲವೇನೋ ನಿಜ. ಆದರೆ ಕೋಣೆ ಹುಡುಕಿಕೊಡುವ ಕೈಯೇ ತಮ್ಮ ಮಾತುಕತೆಯನ್ನೂ ಬರೆದಿಡುತ್ತದೆ ಎಂದು ವಿದ್ಯಾರ್ಥಿಗಳು ಅನುಮಾನಿಸಿದರು. 1921ರಲ್ಲಿ ನೇಮಕವಾದ ಲಾರ್ಡ್ ಲಿಟ್ಟನ್ ಸಮಿತಿಯ ಮುಂದೆ ಈ ಅವಿಶ್ವಾಸ ಸ್ಪಷ್ಟವಾಗಿ ವ್ಯಕ್ತವಾಯಿತು. ಮುಚ್ಚಿಟ್ಟಿದ್ದ ಲೀ-ವಾರ್ನರ್ ವರದಿ ಹೊರಬಂದದ್ದೂ ಆ ಸಮಿತಿಯ ವರದಿಯ ಜೊತೆಗೆ, 1922ರಲ್ಲಿ.

ಹಪ್ಪಳದ ಆಸರೆ

ಇದೇ ಕಾಲದಲ್ಲಿ ಬಿ. ಆರ್. ಅಂಬೇಡ್ಕರ್ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದು ಮುಂದುವರಿಸಲು 1920ರಲ್ಲಿ ಎರಡನೆಯ ಸಲ ಲಂಡನ್ನಿಗೆ ಬಂದರು. ಬಾಡಿಗೆ ಮನೆಯಲ್ಲಿ ಬೆಳಗಿನ ತಿಂಡಿ ಅತ್ಯಲ್ಪ. ದಿನವಿಡೀ ಗ್ರಂಥಾಲಯದಲ್ಲಿ ಕುಳಿತು ಓದಿ, ರಾತ್ರಿ ಹಸಿವಾದಾಗ ಊರಿನ ಹಪ್ಪಳ ತಿಂದು ಮತ್ತೆ ಪುಸ್ತಕ ಹಿಡಿಯುತ್ತಿದ್ದರೆಂದು ಅವರ ಜೀವನಚರಿತ್ರೆ ಹೇಳುತ್ತದೆ. ಗಾಂಧಿಯವರ ಗಂಜಿಗೂ ಅಂಬೇಡ್ಕರರ ಹಪ್ಪಳಕ್ಕೂ ನಡುವೆ ಮೂರು ದಶಕಗಳ ಅಂತರ. ಆಯೋಗ, ಸಮಿತಿ, ಕಚೇರಿಗಳೆಲ್ಲ ಬಂದು ಹೋದರೂ ವಿದ್ಯಾರ್ಥಿಯ ತಟ್ಟೆ ಅಷ್ಟೇನೂ ತುಂಬಿರಲಿಲ್ಲ.

1920ರಲ್ಲಿಯೇ ಸೇಲಂ ಮೂಲದ ಕೆ. ಟಿ. ಪಾಲ್ ಅವರ ಪ್ರಯತ್ನದಿಂದ ವೈ.ಎಂ.ಸಿ.ಎ.ಯ ಭಾರತೀಯ ವಿದ್ಯಾರ್ಥಿನಿಲಯ ಆರಂಭವಾಯಿತು. ಭಾರತೀಯರೇ ಮುಂದೆ ನಿಂತು ನಡೆಸಿದ ಈ ನಿಲಯದಲ್ಲಿ ಎಲ್ಲ ಮತದವರಿಗೂ ಪ್ರವೇಶವಿತ್ತು, ಊರಿನ ರುಚಿಯ ಊಟವಿತ್ತು, ಉಪನ್ಯಾಸ ಚರ್ಚೆಗಳೂ ಇದ್ದವು. ಎರಡನೆಯ ಮಹಾಯುದ್ಧದ ಬಾಂಬಿನಿಂದ ಕಟ್ಟಡ ಹಾಳಾದರೂ ನಿಲಯ ಮುಚ್ಚಲಿಲ್ಲ. 1953ರಲ್ಲಿ ಫಿಟ್ಜ್‌ರಾಯ್ ಸ್ಕ್ವೇರಿನಲ್ಲಿ ಅದಕ್ಕೆ ಹೊಸ ಕಟ್ಟಡ ಎದ್ದಿತು.

ಒಂದು ಮನೆ ನೌಕರಿ ಬಿಡುವ ಷರತ್ತು ಕೇಳಿತು. ಇನ್ನೊಂದು ನಿಷ್ಠೆಯನ್ನು ನಿರೀಕ್ಷಿಸಿತು. ಎರಡೂ ಬಹುಕಾಲ ಬಾಳಲಿಲ್ಲ. ಬಾಡಿಗೆಯ ಹೊರತು ಬೇರೇನನ್ನೂ ಕೇಳದೆ ಅನ್ನ ಬಡಿಸಿದ ಮನೆ ಉಳಿಯಿತು. ಹೊಸ ಊರಿಗೆ ಬಂದ ವಿದ್ಯಾರ್ಥಿ ಯಾರ ಋಣಕ್ಕೆ ಬೀಳುತ್ತಾನೆ ಎಂಬುದು ಮೊದಲ ಕೆಲವು ವಾರಗಳಲ್ಲೇ ತೀರ್ಮಾನವಾಗುತ್ತದೆ. ಲಂಡನ್ನಿನ ಈ ಇತಿಹಾಸ ಇಂದು ಪರದೇಶಕ್ಕೆ ಮಕ್ಕಳನ್ನು ಕಳಿಸುವವರಿಗೂ, ಪರದೇಶದ ಮಕ್ಕಳನ್ನು ತಮ್ಮ ಊರಿಗೆ ಕರೆಸಿಕೊಳ್ಳುವವರಿಗೂ ನೆನಪಿರಬೇಕಾದದ್ದು.