ಬಿಯರಿಗೆ ಸಕ್ಕರೆ ಬಿದ್ದ ಕಥೆ

ಕಬ್ಬು ಬೆಳೆಯೋರು, ಆಲೆಮನೆ ಇಟ್ಟೋರು ನಮ್ಮ ಸುತ್ತ ಬಹಳ ಜನ ಇದ್ದೀರಿ. ಅದಕ್ಕೇ ಸಕ್ಕರೆಯ ಒಂದು ಹಳೇ ಕಥೆ ಬರೀತಿದ್ದೀನಿ. ನಡೆದದ್ದು ಇಂಗ್ಲೆಂಡಿನಲ್ಲಿ. ಮನೇಲಿ ಮಾಡೋದು ಹೇಗೆ ಅಂತ ಕಲಿಸೋ ಬರಹ ಅಲ್ಲ ಇದು, ಆ ಆಸೆ ಬೇಡ.

ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ ಮಾಲ್ಟ್ ಮಾಡ್ತೀವಲ್ಲ, ಬಿಯರಿಗೂ ಅದೇ ಕೆಲಸ, ಬಾರ್ಲಿಯಲ್ಲಿ. ಆ ಮಾಲ್ಟನ್ನ ಬಿಸಿನೀರಿಗೆ ಹಾಕಿದರೆ ಕಾಳಿನ ಹಿಟ್ಟು ಸಿಹಿಯಾಗುತ್ತೆ. ಆ ಸಿಹಿಯನ್ನ ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತೆ. ಸಿಹಿ ಜಾಸ್ತಿ ಆದಷ್ಟೂ ಅಮಲು ಜಾಸ್ತಿ. ಮಾಲ್ಟ್ ಹೆಚ್ಚು ಹಾಕೋಕೆ ಕೈಲಿ ಕಾಸಿಲ್ಲದವನಿಗೆ ಸಕ್ಕರೆಯೇ ಸುಲಭದ ದಾರಿ. 20 ಲೀಟರಿಗೆ 1 ಕಿಲೋ ಸಕ್ಕರೆ ಸುರಿದರೆ ಆಲ್ಕೋಹಾಲ್ ಹೆಚ್ಚುಕಮ್ಮಿ ಶೇಕಡಾ ಎರಡೂವರೆ ಏರುತ್ತೆ.

ಅಲ್ಲಿ ಮಾಲ್ಟ್ ದುಬಾರಿ ಆಗಿದ್ದಕ್ಕೆ ಒಂದು ಕಾರಣ ತೆರಿಗೆ. 1697ರಲ್ಲಿ ಹಾಕಿದ್ದು ಸುಮಾರು ಇನ್ನೂರು ವರ್ಷ ಇತ್ತು. ಕೂಲಿಯವನ ಮನೆಯಲ್ಲಿ ಬಿಯರ್ ಮಾಡೋ ರೂಢಿ ಹೋಗಿ ಚಹಾ ಬಂದಿದ್ದೇ ಈ ತೆರಿಗೆಯಿಂದ ಅಂತ ವಿಲಿಯಂ ಕಾಬೆಟ್ ಅನ್ನೋ ರೈತನ ಮಗ 1820ರ ಹೊತ್ತಿಗೆ ಪುಸ್ತಕದಲ್ಲೇ ಬೈದ. ಚಹಾ ಕಂಡರೆ ಅವನಿಗೆ ಆಗ್ತಿರಲಿಲ್ಲ, ಅದು ಸ್ವಲ್ಪ ಅತಿಯೇ!

1816ರ ಕಾನೂನು ಬಿಯರ್ ಮಾರೋರು ಮಾಲ್ಟ್ ಮತ್ತು ಹಾಪ್ಸ್ ಅನ್ನೋ ಕಹಿ ಹೂವು ಬಿಟ್ಟು ಬೇರೇನೂ ಹಾಕಬಾರದು ಅಂದಿತು. ನನ್ನ ಲೆಕ್ಕದಲ್ಲಿ ಕುಡಿಯೋರ ಆರೋಗ್ಯಕ್ಕಿಂತ ಮಾಲ್ಟ್ ತೆರಿಗೆ ಸೋರಬಾರದು ಅನ್ನೋದೇ ಅದರಲ್ಲಿ ಮುಖ್ಯ. 1847ರಲ್ಲಿ ಸಕ್ಕರೆಗೂ ಒಪ್ಪಿಗೆ ಸಿಕ್ತು.

ಈ ತೆರಿಗೆ ಹೋಗಲಿ ಅಂತ ರೈತರು ವರ್ಷಗಟ್ಟಲೆ ಕೂಗಿದ್ರು. 1880ರಲ್ಲಿ ಗ್ಲ್ಯಾಡ್‌ಸ್ಟನ್ ತೆಗೆದ. ಆದರೆ ಸುಂಕವನ್ನ ಬಿಯರಿನ ಮೇಲೇ ಹಾಕಿ, ಯಾವುದರಿಂದ ಬೇಕಾದರೂ ಮಾಡಿಕೊಳ್ಳಿ ಅಂದುಬಿಟ್ಟ. ಜೋಳ, ಅಕ್ಕಿ, ಸಕ್ಕರೆ ಎಲ್ಲಾ ಹಂಡೆಗೆ ಬಿತ್ತು. ಬಾರ್ಲಿಯವರು ಕೇಳಿದ್ದೂ ಸಿಕ್ತು, ಗಿರಾಕಿಯೂ ಕೈಬಿಟ್ಟ. ಆಮೇಲೆ 'ಶುದ್ಧ ಬಿಯರ್' ಕಾನೂನು ಬೇಕು ಅಂತ ಹೊಸ ಕೂಗು. ಮಸೂದೆಗಳು ಬಂದವು, ಪಾಸಾಗಲಿಲ್ಲ.

1900ರಲ್ಲಿ ಮ್ಯಾಂಚೆಸ್ಟರ್ ಕಡೆ ಕೂಲಿಜನಕ್ಕೆ ಕೈಕಾಲು ಜೋಮು ಹಿಡಿಯೋಕೆ ಶುರುವಾಯ್ತು. ನಡೆಯೋಕಾಗಲ್ಲ, ಚರ್ಮ ಕಪ್ಪಾಗುತ್ತೆ. ಕುಡುಕರಿಗೆ ಬರೋ ನರದ ಕಾಯಿಲೆ ಅಂತ ಡಾಕ್ಟರುಗಳು ತಳ್ಳಿಹಾಕ್ತಿದ್ರು. ಅರ್ನೆಸ್ಟ್ ರೆನಾಲ್ಡ್ಸ್ ಅನ್ನೋ ಡಾಕ್ಟರು ಮಾತ್ರ ಒಂದು ವಿಷಯ ಗಮನಿಸಿದ: ಕಾಯಿಲೆ ಬಿದ್ದೋರು ಬಿಯರ್ ಕುಡಿಯೋರು, ಬ್ರಾಂದಿ ವಿಸ್ಕಿಯಂಥ ಗಟ್ಟಿ ಸಾರಾಯಿಯವರಲ್ಲ. ಅಂದ ಮೇಲೆ ತಪ್ಪು ಆಲ್ಕೋಹಾಲಿನದಲ್ಲ. ಬಿಯರ್ ಪರೀಕ್ಷೆ ಮಾಡಿದರೆ ಸಿಕ್ಕಿದ್ದು ಆರ್ಸೆನಿಕ್, ನಮ್ಮ ಮಾತಲ್ಲಿ ಪಾಷಾಣ.

ಅದು ಬಂದದ್ದು ಸಕ್ಕರೆಯಿಂದ. ಬಿಯರಿಗೆ ಹಾಕ್ತಿದ್ದ ಗ್ಲೂಕೋಸನ್ನ ಪಿಷ್ಟಕ್ಕೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಬೇಯಿಸಿ ಮಾಡೋರು. ಆ ಆಸಿಡ್ ಮಾಡಿದ್ದು ಪೈರೈಟ್ ಅನ್ನೋ ಕಲ್ಲಿನಿಂದ, ಆ ಕಲ್ಲಿನಲ್ಲೇ ಆರ್ಸೆನಿಕ್. ಶುದ್ಧ ಮಾಡದ ಆಸಿಡ್ ಸಕ್ಕರೆ ಕಾರ್ಖಾನೆಗೆ ಹೋಗಿತ್ತು. ಅಲ್ಲಿಂದ ಬಿಯರಿನ ಹಂಡೆಗೆ, ಹಂಡೆಯಿಂದ ಅಗ್ಗದ ಲೋಟಕ್ಕೆ. ಆರು ಸಾವಿರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಸುಮಾರು 70 ಜನ ಸತ್ತರು. ಬೆಲ್ಲ ಹಳದಿ ಬರಲಿ ಅಂತ ಹೈಡ್ರೋಸ್ ಹಾಕೋ ನಮ್ಮೋರು ಡಬ್ಬದಲ್ಲಿ ಇನ್ನೇನಿದೆ ಅಂತ ಯಾವತ್ತಾದ್ರೂ ಕೇಳಿದ್ದಾರಾ?

ಲಾರ್ಡ್ ಕೆಲ್ವಿನ್ ಮುಂದಾಳತ್ವದ ಆಯೋಗ 1903ರವರೆಗೂ ವಿಚಾರಣೆ ಮಾಡ್ತು. ಬಾರ್ಲಿಯವರು ನಾವು ಹೇಳಿದ್ದೇ ಸರಿ ಅಂತ ಮೀಸೆ ತಿರುವಿರಬೇಕು. ಆದರೆ ಮಾಲ್ಟಿನಲ್ಲೂ ಆರ್ಸೆನಿಕ್ ಸಿಕ್ತು! ಕಲ್ಲಿದ್ದಲ ಬೆಂಕಿ ಮೇಲೆ ಒಣಗಿಸುವಾಗ ಹೊಗೆಯ ಜೊತೆ ಹತ್ತಿಕೊಂಡಿತ್ತು. ಸಕ್ಕರೆಗೆ ಹೋಲಿಸಿದರೆ ಬಹಳ ಕಮ್ಮಿ, ಆದರೂ ಇತ್ತು. ಆಯೋಗ ಇಬ್ಬರಿಗೂ ಒಂದೇ ಮಿತಿ ಹೇಳಿತು.

ಮನೆಯಲ್ಲಿ ಬಿಯರ್ ಮಾಡೋರಿಗೆ ಬೇಕಿದ್ದ ಲೈಸೆನ್ಸ್ ಅಲ್ಲಿ 1963ರಲ್ಲಿ ರದ್ದಾಯ್ತು. ಆಮೇಲೆ ಮಾಲ್ಟ್ ಪಾಕದ ಡಬ್ಬ ಅಂಗಡಿಗೆ ಬಂತು. ಒಂದು ಡಬ್ಬ, ಒಂದು ಕಿಲೋ ಸಕ್ಕರೆ, 23 ಲೀಟರ್ ಬಿಯರ್. ಸಕ್ಕರೆಯನ್ನ ಯೀಸ್ಟ್ ಪೂರ್ತಿ ತಿಂದು ಮುಗಿಸೋದರಿಂದ ಅಮಲು ಏರುತ್ತೆ, ರುಚಿ ಮಾತ್ರ ನೀರುನೀರು. ಅದಕ್ಕೇ ಈಗಲೂ ಅಲ್ಲಿ ಕೆಲವರು ಸಕ್ಕರೆ ಬಿಟ್ಟು ಎರಡನೇ ಡಬ್ಬ ಮಾಲ್ಟ್ ಪಾಕ ಹಾಕ್ತಾರೆ, ಖರ್ಚಾದರೂ ಆಗಲಿ ಅಂತ.