ರಾಗಿ ಕಣ ಮತ್ತು ನಾಟಿ ಕೋಳಿ

ಚಳಿಗಾಲವೆಂದರೆ ಕೋಳಿ ಸಾಕುವವರಿಗೆ ಕಷ್ಟದ ಕಾಲ ಎಂಬ ಮಾತು ಇಂಗ್ಲೆಂಡಿನಂಥ ನಾಡಿಗೆ ಸಲ್ಲುತ್ತದೆ. ಡಿಸೆಂಬರಿನಲ್ಲಿ ಅಲ್ಲಿ ಹಗಲು 8 ಗಂಟೆಗೆ ಇಳಿಯುತ್ತದೆ. ಬೆಳಕು ಸಾಲದೆ ಹೇಂಟೆ ಮೊಟ್ಟೆ ನಿಲ್ಲಿಸುತ್ತದೆ. ಮೈಸೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆ ದಾಟುತ್ತದೆ. ಹಾಗಾಗಿ ಈ ಸೀಮೆಯ ಸಣ್ಣ ಹಿಡುವಳಿಯ ಕೋಳಿಗಳ ಚರಿತ್ರೆಯನ್ನು ಹವೆಗಿಂತ ರಾಗಿಯ ಬೇಸಾಯದಲ್ಲಿ ಹುಡುಕಬೇಕು. ಇಲ್ಲಿ ನಾಟಿ ಕೋಳಿಗೆ ಚಳಿಗಾಲವೇ ಸುಗ್ಗಿ. ಅದು ಕಡಿಮೆಯಾದದ್ದಕ್ಕೆ ಫಾರಂ ಕೋಳಿಗಿಂತ ಕಣ ಹೋದದ್ದೇ ದೊಡ್ಡ ಕಾರಣ ಎಂಬುದು ನನ್ನ ವಾದ.

ರಾಗಿ ಹೊಲದಲ್ಲಿರುವಷ್ಟು ದಿನ ಕೋಳಿ ತಲೆನೋವೇ. ಬಿಟ್ಟರೆ ಪಕ್ಕದವರ ಪೈರು ಕೆದಕಿ ಜಗಳ ತರುತ್ತದೆ, ಕೂಡಿಹಾಕಿದರೆ ಕಾಳು ಹಾಕಬೇಕು. ಕಾರ್ತಿಕ ಕಳೆದು ಕೊಯ್ಲಾದರೆ ಈ ಲೆಕ್ಕವೇ ಬದಲಾಗುತ್ತಿತ್ತು. ಮೆದೆ ಒಟ್ಟಿ, ಸಗಣಿ ಸಾರಿಸಿದ ಕಣದಲ್ಲಿ ಗುಂಡು ಹೊಡೆದು ಒಕ್ಕುವಾಗ ಚದುರಿದ ರಾಗಿಯನ್ನು ಮನುಷ್ಯರು ಆಯುವುದು ಆಗದ ಕೆಲಸ. ಕೋಳಿ ಒಂದೊಂದಾಗಿ ಹೆಕ್ಕುತ್ತದೆ. ಮೆದೆಯಡಿಯ ಹುಳು, ತೂರಿದ ಹೊಟ್ಟಿನಲ್ಲಿ ಉಳಿದ ನುಚ್ಚು, ತಿಪ್ಪೆಯ ಗೆದ್ದಲು ಎಲ್ಲವೂ ಬಿಟ್ಟಿ ಮೇವು. ಹೊಟ್ಟೆ ತುಂಬಿದ ಹೇಂಟೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಕೂತರೆ 21 ದಿನಕ್ಕೆ ಮರಿ. ಇಬ್ಬನಿ ಆರುವವರೆಗೆ ಮರಿಗಳನ್ನು ಮಂಕರಿಯಡಿ ಕವುಚಿಟ್ಟು, ಬಿಸಿಲೇರಿದ ಮೇಲೆ ತಾಯಿಯೊಡನೆ ಬಿಟ್ಟು, ಹದ್ದು ಬಾರದಂತೆ ಕಾಯುವುದು ಹೆಚ್ಚಾಗಿ ಹೆಂಗಸರ, ಮಕ್ಕಳ ಪಾಲಿನ ಕೆಲಸ. ಚಳಿಯಲ್ಲಿ ಹುಟ್ಟಿದ ಮರಿ ಯುಗಾದಿ ಮರುದಿನದ ಹೊಸತೊಡಕಿಗೋ ಬೇಸಗೆಯ ಮಾರಿಹಬ್ಬಕ್ಕೋ ಒದಗುತ್ತಿತ್ತು. ಮಾರಿದರೆ ಬಂದ ಕಾಸು ಮನೆಯಾಕೆಯ ಕೈಗೆ. ಈ ಸಣ್ಣ ಸ್ವಾತಂತ್ರ್ಯವನ್ನು ಕೃಷಿಯ ಚರಿತ್ರೆ ಬರೆಯುವವರು ಕಡೆಗಣಿಸಬಾರದು.

ಸಾಕಣೆ ಮುರಿದದ್ದು ರೋಗದಿಂದ ಎನ್ನುವವರಿದ್ದಾರೆ. ಕೊಕ್ಕರೆ ರೋಗ ಹೊಕ್ಕರೆ ವಾರದೊಳಗೆ ಗೂಡು ಬರಿದಾಗುವುದು ನಿಜ. ಆದರೆ ಉತ್ತರದ ಗುಡ್ಡನಾಡಿನ ರಾಣಿಖೇತದಲ್ಲಿ ಈ ರೋಗ ಗುರುತಾದದ್ದು 1920ರ ದಶಕದಲ್ಲಿ. ಆಮೇಲೂ ಎಷ್ಟೋ ದಶಕ ಹಳ್ಳಿಯ ಮನೆಗಳು ನೆಂಟರಿಂದ ಒಂದು ಹೇಂಟೆ ತಂದು ಮತ್ತೆ ಶುರುಮಾಡಿದವು, ಏಕೆಂದರೆ ಮೇವು ಅಂಗಳದಲ್ಲೇ ಇತ್ತು. ಫಾರಂ ಕೋಳಿ ವರ್ಷಕ್ಕೆ 300 ಮೊಟ್ಟೆಯಿಡುವಾಗ ಐವತ್ತು ಅರವತ್ತು ಇಡುವ ನಾಟಿ ಎಲ್ಲಿ ನಿಲ್ಲುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಆ 300ರ ಹಿಂದೆ ಕೊಂಡು ಹಾಕಿದ ಮುಸುಕಿನ ಜೋಳ, ಸೋಯಾ ಹಿಂಡಿ ಇದೆ. ಮೇಲಾಗಿ ಮೈಸೂರಿನಲ್ಲಿ ನಾಟಿ ಕೋಳಿ ಇಂದಿಗೂ ಬಾಯ್ಲರ್‌ಗಿಂತ ದುಬಾರಿ; ಕೇಳುವವರು ಇಲ್ಲವಾಗಿದ್ದರೆ ಈ ಬೆಲೆ ನಿಲ್ಲುತ್ತಿರಲಿಲ್ಲ.

ಇಲ್ಲವಾದದ್ದು ಜಾಗ. 1901ರಲ್ಲಿ 68,111 ಜನರಿದ್ದ ಮೈಸೂರು 2011ರ ಹೊತ್ತಿಗೆ ಒಂಬತ್ತು ಲಕ್ಷದ ಹತ್ತಿರ ಬಂತು. ಹಿನಕಲ್, ಬೋಗಾದಿ, ಮೇಟಗಳ್ಳಿಯ ಹೊಲಗಳು ಬಡಾವಣೆಗಳಾದವು. ಆಚೆಯ ಹಳ್ಳಿಗಳಲ್ಲೂ ಒಕ್ಕಣೆ ಡಾಂಬರು ರಸ್ತೆಗೆ, ಯಂತ್ರಕ್ಕೆ ಹೋಯಿತು. ಪೇಟೆಯೊಳಗೂ ಕೋಳಿ ಉಳಿದಿದೆಯಲ್ಲ ಎನ್ನಬಹುದು. ಉಳಿದಿದೆ: 2020ರ ಮಾರ್ಚ್‌ನಲ್ಲಿ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಕಂಡಾಗ ಮನೆಮನೆಯ ಕೋಳಿಗಳನ್ನೂ ಕೊಲ್ಲಬೇಕಾಯಿತು. ಆದರೆ ಗಲ್ಲಿಯಲ್ಲಿ ಮುಸುರೆ ತಿಂದು ಬದುಕುವ ನಾಲ್ಕು ಕೋಳಿ ಬೇಸಾಯದ ಭಾಗವಲ್ಲ. ಹೊಸ ತಳಿ ಸಾಕಬಹುದಲ್ಲ ಎಂದರೆ, ಹಿತ್ತಲಿಗೆಂದೇ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ರೂಪಿಸಿದ ಗಿರಿರಾಜ ಬೇಗ ತೂಕ ಬರುತ್ತದೆ, ಆದರೆ ಕಾವಿಗೆ ಕೂರದು. ಪ್ರತಿ ಸಲವೂ ಮರಿ ಕೊಳ್ಳಬೇಕು. ರಾಗಿ ಇನ್ನೂ ಬೆಳೆಯುವ ಊರುಗಳಿಗೆ ಹೊಸ ತಳಿಗಿಂತ ಮೊದಲು ಬೇಕಾದದ್ದು ಹೊತ್ತಿಗೆ ಸರಿಯಾಗಿ ಕೊಕ್ಕರೆ ರೋಗದ ಲಸಿಕೆ, ಮತ್ತು ಊರೊಟ್ಟಿನ ಕಣಕ್ಕೆ ಒಂದು ಜಾಗ.