ಹಿಲ್ಡಾಳ ಲೆಕ್ಕ

ಕಾಡಿನ ಬಿಸಿಯನ್ನೋ ತೇವವನ್ನೋ ಅಳೆಯಲು ಸೆನ್ಸರ್ ಎಂಬ ಪುಟ್ಟ ಯಂತ್ರಗಳನ್ನು ಅಲ್ಲಲ್ಲಿ ಇಡುತ್ತಾರೆ. ತಾನೆಲ್ಲಿದ್ದೇನೆ ಎಂದು ಉಪಗ್ರಹಗಳಿಂದ ತಿಳಿಯುವ ಸಾಧನವನ್ನು ಪ್ರತಿಯೊಂದಕ್ಕೂ ಕೂಡಿಸಿದರೆ ಖರ್ಚು ಹೆಚ್ಚು, ಬ್ಯಾಟರಿಯೂ ಬೇಗ ಮುಗಿಯುತ್ತದೆ. ಆದ್ದರಿಂದ ಅಕ್ಕಪಕ್ಕದವು ರೇಡಿಯೋ ಸಂಕೇತ ಕಳಿಸಿ ತಮ್ಮ ನಡುವಣ ದೂರವನ್ನಷ್ಟೇ ಅಳೆದುಕೊಳ್ಳುವುದುಂಟು. ಬರೀ ದೂರಗಳ ಪಟ್ಟಿಯಿಂದ ಯಾವುದು ಎಲ್ಲಿದೆಯೆಂದು ನಕ್ಷೆ ಬರೆಯಲಾದೀತೆ?

ಪೊರಕೆಯ ನಾಲ್ಕು ಕಡ್ಡಿಗಳನ್ನು ತುದಿಗೆ ತುದಿ ದಾರದಿಂದ ಕಟ್ಟಿ, ಮೇಜಿನ ಮೇಲೆ ಚೌಕ ಮಾಡಿ ನೋಡಿ. ಬೆರಳಿನಿಂದ ಮೆಲ್ಲಗೆ ತಳ್ಳಿದರೆ ಸಾಕು, ಚೌಕ ವಾಲುತ್ತದೆ. ಕಡ್ಡಿಗಳ ಉದ್ದ ಅಷ್ಟೇ, ಆಕಾರ ಮಾತ್ರ ಕೆಟ್ಟಿತು. ಮೂಲೆಯಿಂದ ಮೂಲೆಗೆ ಐದನೆಯ ಕಡ್ಡಿ ಕಟ್ಟಿದಿರೋ, ಇನ್ನು ಜಗ್ಗದು. ತೋಟದ ಗೇಟಿಗೆ ಬಡಗಿ ಓರೆಯಾಗಿ ಪಟ್ಟಿ ಹೊಡೆಯುವುದು ಇದಕ್ಕೇ.

ಹತ್ತು ಮೂಲೆಗಳಿದ್ದರೆ ಎಷ್ಟು ಕಡ್ಡಿ ಬೇಕು, ಎಲ್ಲೆಲ್ಲಿ? 1927ರಲ್ಲಿ ಇದಕ್ಕೆ ಉತ್ತರ ಬರೆದವಳು ಬರ್ಲಿನ್ ವಿಶ್ವವಿದ್ಯಾಲಯದ ಹಿಲ್ಡಾ ಗೈರಿಂಗರ್. 1893ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ಮದುವೆ ಮುರಿದಿತ್ತು, ಮಗಳಿನ್ನೂ ಚಿಕ್ಕವಳು. ಮೂಲೆಗಳ ಸಂಖ್ಯೆಯನ್ನು ಎರಡರಿಂದ ಗುಣಿಸಿ ಮೂರು ಕಳೆಯಿರಿ: ನಾಲ್ಕಕ್ಕೆ ಐದು, ಹತ್ತಕ್ಕೆ ಹದಿನೇಳು. ಅಷ್ಟೇ ಸಾಲದು, ಒಂದು ಕಡೆ ಹೇರಿ ಇನ್ನೊಂದು ಕಡೆ ಬರಿದು ಮಾಡಬಾರದು. ಯಾವ ಕೆಲವು ಮೂಲೆಗಳನ್ನು ಆರಿಸಿಕೊಂಡರೂ ಅವುಗಳ ನಡುವೆ ಇದೇ ಲೆಕ್ಕ ಮೀರಿ ಕಡ್ಡಿ ಇರಕೂಡದು. ಆಕೆಯ ಮನಸ್ಸಿನಲ್ಲಿದ್ದದ್ದು ಸೇತುವೆ, ಚಾವಣಿಗಳ ಚೌಕಟ್ಟು. ಕಡ್ಡಿಯ ಜಾಗದಲ್ಲಿ ಅಳೆದ ದೂರವನ್ನಿಟ್ಟರೆ ಕಾಡಿನ ಸೆನ್ಸರಿಗೂ ಅದೇ ಲೆಕ್ಕ. ಒಂದು ತೊಡಕುಂಟು: ಐದು ಕಡ್ಡಿಯ ಚೌಕವನ್ನು ನಡುವಿನ ಕಡ್ಡಿಯ ಗುಂಟ ಕಾಗದದಂತೆ ಮಡಚಿದರೆ ಒಂದು ಮೂಲೆ ಆಚೆ ಪಕ್ಕಕ್ಕೆ ಬಂದು ಕೂರುತ್ತದೆ, ಅಳತೆಗಳೆಲ್ಲ ಹಾಗೇ. ಆದ್ದರಿಂದ ಸೆನ್ಸರುಗಳಿಗೆ ಇನ್ನೂ ಕೆಲವು ದೂರಗಳು ಬೇಕು. ಜಾಗ ಮೊದಲೇ ಗೊತ್ತಿರುವ, ಒಂದೇ ಸಾಲಿನಲ್ಲಿಲ್ಲದ ಮೂರಾದರೂ ಬೇಕು.

ಇಷ್ಟೆಲ್ಲ ನೆಲೆಗಳ ಲೆಕ್ಕ ಹಾಕಿದವಳಿಗೆ ತನ್ನದೇ ನೆಲೆ ಸಿಗಲಿಲ್ಲ. 1933ರಲ್ಲಿ ಹಿಟ್ಲರನ ಆಡಳಿತ ಕೆಲಸ ಕಿತ್ತುಕೊಂಡಿತು. ಮಗಳೊಂದಿಗೆ ಬ್ರಸೆಲ್ಸ್, ಆಮೇಲೆ ಇಸ್ತಾಂಬುಲ್. ಅಲ್ಲಿ ಟರ್ಕಿ ಭಾಷೆ ಕಲಿತು ಪಾಠ ಹೇಳಿದಳು. 1939ರಲ್ಲಿ ಮತ್ತೆ ಗಂಟುಮೂಟೆ ಕಟ್ಟಿ ಅಮೆರಿಕ. 1943ರಲ್ಲಿ ಗಣಿತಜ್ಞ ರಿಚರ್ಡ್ ಫಾನ್ ಮೀಸೆಸ್‌ನನ್ನು ಮದುವೆಯಾದಳು. ಆತ ಹಾರ್ವರ್ಡಿನಲ್ಲಿ, ಆಕೆ 1944ರಿಂದ ವೀಟನ್ ಎಂಬ ಸಣ್ಣ ಹೆಣ್ಣುಮಕ್ಕಳ ಕಾಲೇಜಿನಲ್ಲಿ. ದೊಡ್ಡ ವಿಶ್ವವಿದ್ಯಾಲಯಗಳಿಗೆ ಗಂಡಸರೇ ಬೇಕಿತ್ತು. ವಾರದ ಕೊನೆಗೆ ಗಂಡನಿದ್ದಲ್ಲಿಗೆ ಪ್ರಯಾಣ. 1953ರಲ್ಲಿ ಆತ ತೀರಿಕೊಂಡ ಮೇಲೆ ಆತನ ಬರಹಗಳನ್ನು ಸಿದ್ಧಪಡಿಸಿ ಪ್ರಕಟಿಸಿದಳು. ಈ ಕಥೆ ನಮಗೇನು ಹೊಸದೇ?

1970ರಲ್ಲಿ ಹಾಲೆಂಡಿನ ಲಾಮನ್ ಇದೇ ಲೆಕ್ಕವನ್ನು ತಾನಾಗಿ ಕಂಡುಕೊಂಡ. ಆತನದೇನೂ ತಪ್ಪಿಲ್ಲ. ಪುಸ್ತಕಗಳಲ್ಲಿ ಅದು ಲಾಮನ್ನನ ಪ್ರಮೇಯವೆಂದೇ ಉಳಿಯಿತು. ಹಿಲ್ಡಾ ಆಗ ಇನ್ನೂ ಬದುಕಿದ್ದಳು. ತೀರಿಕೊಂಡದ್ದು 1973ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. ಆಕೆಯ ಜರ್ಮನ್ ಲೇಖನ ಮತ್ತೆ ಕಣ್ಣಿಗೆ ಬಿದ್ದ ಮೇಲೆ ಈಗ ಕೆಲವರು ಎರಡೂ ಹೆಸರು ಸೇರಿಸಿ ಬರೆಯುತ್ತಾರೆ.